ಸರ್ವರ್‌ನ ಕ್ಷೇಮಸಮಾಚಾರ, ಒಂದೇ ಸಾಲಿನಲ್ಲಿ

“ಸರ್ವರ್ ಯಾಕೋ ಸ್ಲೋ ಆಗಿದೆ, ಸ್ವಲ್ಪ ನೋಡ್ತೀರಾ ಸರ್?” ಎಂಬ ಕರೆ ಬಂದಾಗ ಅನುಭವಸ್ಥರು ಮೊದಲು ಮಾಡುವ ಕೆಲಸ ಒಂದೇ. ಆ ಯಂತ್ರಕ್ಕೆ ಲಾಗಿನ್ ಆಗಿ, ಟರ್ಮಿನಲ್‌ನಲ್ಲಿ ಅಪ್‌ಟೈಮ್ ಎಂದು ಟೈಪಿಸಿ ಎಂಟರ್ ಒತ್ತುತ್ತಾರೆ. ಬಣ್ಣಬಣ್ಣದ ಗ್ರಾಫ್ ತೋರಿಸುವ ಡ್ಯಾಶ್‌ಬೋರ್ಡ್‌ಗಳು ಬೇಕಾದಷ್ಟಿವೆ. ಆದರೆ ತೊಂದರೆ ಬಂದ ಹೊತ್ತಿಗೆ ಸರಿಯಾಗಿ ಅವೂ ತೆರೆದುಕೊಳ್ಳದೆ ಕೈಕೊಡುತ್ತವೆ. ಈ ಕಮಾಂಡ್‌ಗೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಅಡ್ಮಿನ್ ಅಧಿಕಾರವೂ ಬೇಡ. ಲಿನಕ್ಸ್ ಇರಲಿ, ಮ್ಯಾಕ್ ಇರಲಿ, ಉತ್ತರ ಒಂದೇ ಸಾಲಿನಲ್ಲಿ ಬರುತ್ತದೆ. ಲಿನಕ್ಸ್‌ನಲ್ಲಿ ಬರುವ ಸಾಲನ್ನು ನಮ್ಮ ಅಕ್ಷರದಲ್ಲಿ ಬರೆದರೆ ಹೀಗಿರುತ್ತದೆ:

10:42:15 ಅಪ್ 23 ಡೇಸ್, 4:07, 3 ಯೂಸರ್ಸ್, ಲೋಡ್ ಆವರೇಜ್: 9.80, 6.10, 2.35

ಈ ಲೇಖನದಲ್ಲಿ ಬರುವ ಕಮಾಂಡ್‌ಗಳನ್ನೆಲ್ಲ ಉಚ್ಚಾರಣೆಯಂತೆ ಬರೆದಿದೆ. ಟೈಪಿಸುವಾಗ ಇಂಗ್ಲಿಷಿನ ಸಣ್ಣಕ್ಷರಗಳನ್ನೇ ಬಳಸಿ, ದೊಡ್ಡಕ್ಷರವಾದರೆ ಲಿನಕ್ಸ್ ಒಪ್ಪುವುದಿಲ್ಲ.

ಮೇಲಿನ ಸಾಲು ಹೇಳುವುದಿಷ್ಟು: ಈಗ ಬೆಳಗಿನ 10 ಗಂಟೆ 42 ನಿಮಿಷ, ಯಂತ್ರ ಚಾಲೂ ಆಗಿ 23 ದಿನ 4 ಗಂಟೆ 7 ನಿಮಿಷ, ಮೂರು ಲಾಗಿನ್‌ಗಳು, ಕೊನೆಗೆ ಹೊರೆಯ ಮೂರು ಅಂಕಿ. ಓದುವುದಕ್ಕೇನೋ ಸುಲಭ. ಆದರೆ ಈ ಸಾಲಿನ ಒಂದೊಂದು ಅಂಕಿಯೂ ಮೇಲ್ನೋಟಕ್ಕೆ ಒಂದು ಅರ್ಥ ಕೊಟ್ಟು, ಒಳಗೆ ಬೇರೆಯದನ್ನೇ ಅಳೆಯುತ್ತಿರುತ್ತದೆ. ಅದನ್ನು ತಿಳಿಯದೆ ಓದಿದವರು ಇಲ್ಲದ ರೋಗಕ್ಕೆ ಮದ್ದು ಅರೆಯುತ್ತಾರೆ. ಪ್ರೊಸೆಸರ್ ಸಾಲದು ಎಂದು ದೊಡ್ಡ ಸರ್ವರ್ ಬಾಡಿಗೆಗೆ ಹಿಡಿಯುವವರಲ್ಲಿ ಎಷ್ಟೋ ಜನರ ನಿಜವಾದ ತೊಂದರೆ ಡಿಸ್ಕ್‌ನಲ್ಲಿರುತ್ತದೆ.

ಎಷ್ಟು ದಿನದಿಂದ ಎದ್ದಿದೆ?

ಲಿನಕ್ಸ್‌ನಲ್ಲಿ ಪ್ರಾಕ್ ಎಂಬ ಫೋಲ್ಡರ್ ಇದೆ. ಅದರೊಳಗಿನ ಫೈಲ್‌ಗಳು ಡಿಸ್ಕ್ ಮೇಲೆ ಎಲ್ಲಿಯೂ ಇಲ್ಲ. ನಾವು ತೆರೆದ ಕ್ಷಣದಲ್ಲಿ ಕರ್ನಲ್ ತನ್ನ ಲೆಕ್ಕವನ್ನು ಬರೆದುಕೊಡುತ್ತದೆ, ಅಷ್ಟೆ. ಅಲ್ಲಿರುವ ಅಪ್‌ಟೈಮ್ ಎಂಬ ಫೈಲನ್ನು ಕ್ಯಾಟ್ ಕಮಾಂಡ್‌ನಿಂದ ನೋಡಿದರೆ ಎರಡು ಸಂಖ್ಯೆಗಳು ಕಾಣುತ್ತವೆ. ಮೊದಲನೆಯದು ಬೂಟ್ ಆದಮೇಲೆ ಕಳೆದ ಸೆಕೆಂಡುಗಳು. ಎರಡನೆಯದು ಸಿಪಿಯು ಕೆಲಸವಿಲ್ಲದೆ ಕೂತ ಸೆಕೆಂಡುಗಳು. ಈ ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದಿರುವುದನ್ನು ಕಂಡು ಹೊಸಬರು ಗಾಬರಿಯಾಗುವುದುಂಟು. ಎಲ್ಲ ಕೋರ್‌ಗಳ ಬಿಡುವನ್ನೂ ಕೂಡಿಸಿ ಬರೆಯುವುದರಿಂದ ನಾಲ್ಕು ಕೋರ್‌ಗಳ ಯಂತ್ರ ಒಂದು ದಿನದಲ್ಲಿ ಹೆಚ್ಚುಕಡಿಮೆ ನಾಲ್ಕು ದಿನದ ಬಿಡುವನ್ನು ತೋರಿಸಬಹುದು. ಅಪ್‌ಟೈಮ್ ಕಮಾಂಡ್ ಈ ಮೊದಲ ಸಂಖ್ಯೆಯನ್ನೇ ದಿನ, ಗಂಟೆಗಳಾಗಿ ಮಾರ್ಪಡಿಸುತ್ತದೆ. ಲ್ಯಾಪ್‌ಟಾಪ್ ಮುಚ್ಚಿಟ್ಟು ಸಸ್ಪೆಂಡ್ ಆಗಿದ್ದ ಹೊತ್ತೂ ಇದರಲ್ಲಿ ಸೇರಿರುತ್ತದೆ.

ಕಮಾಂಡ್‌ನ ಮುಂದೆ ಒಂದು ಅಡ್ಡಗೆರೆ ಹಾಕಿ ಪಿ ಎಂದು ಸೇರಿಸಿದರೆ ವಾರ, ದಿನ, ಗಂಟೆಗಳನ್ನು ಬಿಡಿಸಿ ಹೇಳುತ್ತದೆ. ಎಸ್ ಎಂದು ಸೇರಿಸಿದರೆ ಯಂತ್ರ ಎದ್ದ ದಿನಾಂಕ ಮತ್ತು ಸಮಯವನ್ನೇ ಕೊಡುತ್ತದೆ. ನನ್ನ ಮಟ್ಟಿಗೆ ಹೆಚ್ಚು ಉಪಯೋಗದ್ದು ಈ ಎಸ್. ಕಾಲೇಜು ಲ್ಯಾಬ್‌ನಲ್ಲೋ ಸಣ್ಣ ಆಫೀಸಿನಲ್ಲೋ ಒಂದು ಸರ್ವರ್ ಇದೆ ಎಂದುಕೊಳ್ಳಿ. ನಿನ್ನೆ ಸಂಜೆ ಮಳೆಗೆ ಕರೆಂಟ್ ಹೋಗಿತ್ತು, “ಯುಪಿಎಸ್ ಹಿಡಿದುಕೊಂಡಿತ್ತು, ಏನೂ ಆಗಿಲ್ಲ” ಎಂದು ಎಲ್ಲರೂ ಹೇಳುತ್ತಾರೆ. ಅಪ್‌ಟೈಮ್ ತೋರಿಸುವ ಸಮಯ ನಿನ್ನೆ ಸಂಜೆ 6:20 ಆಗಿದ್ದರೆ ಯುಪಿಎಸ್ ಬ್ಯಾಟರಿಯ ಕಥೆ ಅಲ್ಲಿಗೆ ಗೊತ್ತಾಯಿತು.

ಇನ್ನೂ ಹಿಂದಕ್ಕೆ ಹೋಗಬೇಕಿದ್ದರೆ ಲಾಸ್ಟ್ ರೀಬೂಟ್ ಎಂಬ ಕಮಾಂಡ್ ಇದೆ. ಯಂತ್ರ ಎದ್ದ ಹಳೆಯ ದಿನಾಂಕಗಳನ್ನು ಅದು ಪಟ್ಟಿ ಮಾಡುತ್ತದೆ. ಬರೀ ಲಾಸ್ಟ್ ಎಂದು ಕೊಟ್ಟಾಗ ಯಾರದಾದರೂ ಲಾಗಿನ್‌ನ ಮುಂದೆ ‘ಕ್ರ್ಯಾಶ್’ ಎಂದಿದ್ದರೆ, ಆ ಹೊತ್ತಿಗೆ ಯಂತ್ರ ಶಟ್‌ಡೌನ್‌ನ ದಾಖಲೆಯೇ ಇಲ್ಲದೆ ನಿಂತುಹೋಯಿತು ಎಂದರ್ಥ: ಕರೆಂಟ್ ಹೋಗಿರಬಹುದು, ಕರ್ನಲ್ ಕುಸಿದಿರಬಹುದು, ಯಾರೋ ಪವರ್ ಬಟನ್ ಒತ್ತಿ ಹಿಡಿದಿರಬಹುದು. ಸರ್ವಿಸ್‌ಗಳನ್ನು ನಿಭಾಯಿಸುವ ಸಿಸ್ಟಂಡಿ ಇರುವ ಯಂತ್ರಗಳಲ್ಲಿ ಜರ್ನಲ್‌ಸಿಟಿಎಲ್ ಕಮಾಂಡ್‌ಗೆ ಅಡ್ಡಗೆರೆ ಬಿ, ನಂತರ ಅಡ್ಡಗೆರೆ 1 ಎಂದು ಕೊಟ್ಟರೆ, ಲಾಗ್ ಡಿಸ್ಕ್‌ನಲ್ಲಿ ಉಳಿಯುವ ವ್ಯವಸ್ಥೆಯಿದ್ದಲ್ಲಿ, ಹಿಂದಿನ ಬೂಟ್‌ನ ಸಂದೇಶಗಳು ಸಿಗುತ್ತವೆ. ಕೊನೆಯ ಸಾಲುಗಳಲ್ಲಿ ಸರ್ವಿಸ್‌ಗಳು ಒಂದೊಂದಾಗಿ ನಿಂತ ಸುದ್ದಿ ಇದ್ದರೆ ಕ್ರಮವಾಗಿ ಮುಚ್ಚಿದ್ದಾರೆ. ಮಾತು ಅರ್ಧಕ್ಕೇ ನಿಂತಿದ್ದರೆ ವಿದ್ಯುತ್ತನ್ನೇ ಮೊದಲು ಅನುಮಾನಿಸಿ.

ಸಮಯವನ್ನು ಹೋಲಿಸುವಾಗ ಒಂದು ಎಚ್ಚರಿಕೆ. ರಾಸ್ಪ್‌ಬೆರಿ ಪೈ 4ರಂಥ ಬೋರ್ಡ್‌ಗಳಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಬೂಟ್ ಆಗುವಾಗ ಅದರ ಸಮಯ ಹಿಂದುಳಿದಿದ್ದು, ಇಂಟರ್ನೆಟ್ ಸಿಕ್ಕ ಮೇಲೆ ಸರಿಹೋಗುತ್ತದೆ. ಅಂಥ ಕಡೆ ಹೂ ಕಮಾಂಡ್‌ಗೆ ಅಡ್ಡಗೆರೆ ಬಿ ಸೇರಿಸಿದಾಗ ಬರುವ ಬೂಟ್ ಸಮಯಕ್ಕೂ ಅಪ್‌ಟೈಮ್ ಹೇಳುವ ಸಮಯಕ್ಕೂ ತಾಳೆಯಾಗದೆ ಇರಬಹುದು. ಎರಡನೆಯದನ್ನು ನಂಬಿ, ಅದು ಈಗಿನ ಸಮಯದಿಂದ ಹಿಂದಕ್ಕೆ ಲೆಕ್ಕ ಹಾಕಿದ್ದು.

ಇನ್ನು ಹೆಮ್ಮೆಯ ವಿಚಾರ. “ನಮ್ಮ ಸರ್ವರ್ ಎರಡು ವರ್ಷದಿಂದ ರೀಬೂಟ್ ಆಗಿಲ್ಲ” ಎಂದು ಮೀಸೆ ತಿರುವುವ ಕಾಲವೊಂದಿತ್ತು. ಹಳೆಯ 32 ಬಿಟ್ ಲಿನಕ್ಸ್ ಕರ್ನಲ್‌ಗಳು ಸೆಕೆಂಡಿಗೆ 100 ಸಲ ಎಣಿಸುತ್ತಿದ್ದುದರಿಂದ 497 ದಿನಕ್ಕೆ ಆ ಎಣಿಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತಿತ್ತು. ಹೆಮ್ಮೆಪಡುವವರಿಗೆ ಅದೇ ಒಂದು ಸಂಕಟ. ಇದೇ ಬಗೆಯ ದೋಷದಿಂದ ವಿಂಡೋಸ್ 95 ಸುಮಾರು 49.7 ದಿನ ಸತತವಾಗಿ ಓಡಿದರೆ ನಿಂತೇಹೋಗುತ್ತಿತ್ತು. ಅದು ಸೆಕೆಂಡಿನ ಸಾವಿರದಲ್ಲೊಂದು ಭಾಗಗಳನ್ನು ಎಣಿಸುತ್ತಿತ್ತು. ಇಂದಿನ ಕರ್ನಲ್‌ಗಳಲ್ಲಿ ಈ ತೊಡಕಿಲ್ಲ. ಬದಲಿಗೆ ಹೆಮ್ಮೆಯೇ ಪ್ರಶ್ನಾರ್ಹವಾಗಿದೆ. ಕರ್ನಲ್‌ಗೆ ಬಂದ ಭದ್ರತಾ ಅಪ್‌ಡೇಟ್ ಸಾಮಾನ್ಯವಾಗಿ ರೀಬೂಟ್ ಆದಮೇಲೆಯೇ ಜಾರಿಗೆ ಬರುತ್ತದೆ. ಲೈವ್ ಪ್ಯಾಚ್ ಸೌಲಭ್ಯ ಇರುವವರ ಮಾತು ಬೇರೆ. ಉಳಿದವರಲ್ಲಿ ಎರಡು ವರ್ಷದ ಅಪ್‌ಟೈಮ್ ಎಂದರೆ ಎರಡು ವರ್ಷದ ತೂತುಗಳು ಹಾಗೆಯೇ ಇವೆ ಎಂದು. ಉಬುಂಟು ಸರ್ವರ್‌ನಲ್ಲಿ ವಾರ್ ಫೋಲ್ಡರ್‌ನ ಒಳಗೆ ರನ್, ಅದರೊಳಗೆ ರೀಬೂಟ್-ರಿಕ್ವೈರ್ಡ್ ಎಂಬ ಫೈಲ್ ಇದೆಯೇ ನೋಡಿ. ಇದ್ದರೆ ರೀಬೂಟ್ ಬಾಕಿ ಇದೆ. ರೆಡ್‌ಹ್ಯಾಟ್ ಬಳಗದಲ್ಲಿ ನೀಡ್ಸ್-ರೀಸ್ಟಾರ್ಟಿಂಗ್ ಎಂಬ ಕಮಾಂಡ್‌ಗೆ ಅಡ್ಡಗೆರೆ ಆರ್ ಸೇರಿಸಿ ಇದನ್ನೇ ಕೇಳಬಹುದು. ಬಹಳ ದಿನ ರೀಬೂಟ್ ಆಗದ ಯಂತ್ರಕ್ಕೆ ಇನ್ನೊಂದು ಅಪಾಯ ಉಂಟು. ನಡುವೆ ಯಾರೋ ಕೈಯಿಂದ ಚಾಲೂ ಮಾಡಿದ ಸರ್ವಿಸ್, ತಾತ್ಕಾಲಿಕವಾಗಿ ಬದಲಿಸಿದ ನೆಟ್‌ವರ್ಕ್ ಸೆಟ್ಟಿಂಗ್ ಇವೆಲ್ಲ ರೀಬೂಟ್ ಆದ ದಿನ ಮಾಯವಾಗುತ್ತವೆ, ಆ ಹೊತ್ತಿಗೆ ಅದನ್ನು ಮಾಡಿದವರು ಕೆಲಸ ಬಿಟ್ಟು ಹೋಗಿರುತ್ತಾರೆ.

ವಿಂಡೋಸ್ ಬಳಸುವವರಿಗೆ ಚಿಕ್ಕ ಮಾತು. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಅಪ್‌ಟೈಮ್ ಇದೆ, ಸಿಸ್ಟಂಇನ್ಫೋ ಕಮಾಂಡ್ ಬೂಟ್ ಆದ ಸಮಯ ಹೇಳುತ್ತದೆ. ದಿನಾ ಸಂಜೆ ಶಟ್‌ಡೌನ್ ಮಾಡಿಯೂ ಅಲ್ಲಿ ಹದಿನೈದು ದಿನ ಎಂದು ತೋರಿಸಿದರೆ ಕಂಪ್ಯೂಟರ್ ಸುಳ್ಳು ಹೇಳುತ್ತಿಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದಾಗ ಶಟ್‌ಡೌನ್ ಎಂದರೆ ಕರ್ನಲ್ ಅನ್ನು ಡಿಸ್ಕ್‌ಗೆ ಬರೆದು ಮಲಗಿಸುವುದು ಮಾತ್ರ. ಎಣಿಕೆ ಸೊನ್ನೆಯಾಗಬೇಕಾದರೆ ರೀಸ್ಟಾರ್ಟ್ ಆರಿಸಬೇಕು.

ಹೊರೆಯ ಮೂರು ಅಂಕಿ

ಅತಿ ಹೆಚ್ಚು ತಪ್ಪಾಗಿ ಓದಿಸಿಕೊಳ್ಳುವುದು ಈ ಲೋಡ್ ಆವರೇಜ್. 9.80 ಎಂಬುದನ್ನು ಸಿಪಿಯುವಿನ ಶೇಕಡಾವಾರು ಬಳಕೆ ಎಂದು ತಿಳಿಯುವವರು ತುಂಬ. ಅದು ಒಂದು ತಲೆಯೆಣಿಕೆ. ಹಿಟ್ಟಿನ ಗಿರಣಿಯಲ್ಲಿ ನಾಲ್ಕು ಕಲ್ಲುಗಳಿವೆ ಎನ್ನಿ. ಕಲ್ಲಿಗೆ ಬಿದ್ದಿರುವ ನಾಲ್ಕು ಡಬ್ಬಿ, ಜೊತೆಗೆ ಹೊರಗೆ ಸಾಲಿನಲ್ಲಿಟ್ಟ ಆರು ಡಬ್ಬಿ ಸೇರಿ ಹತ್ತು. ಲೋಡ್ ಎಂದರೆ ಈ ಹತ್ತು. ಓಡುತ್ತಿರುವ ಕೆಲಸಗಳು ಮತ್ತು ಸಿಪಿಯು ಸಿಕ್ಕರೆ ಓಡಲು ತಯಾರಾಗಿ ನಿಂತ ಕೆಲಸಗಳು, ಎರಡರ ಮೊತ್ತ.

ಹಾಗಾಗಿ ಕಲ್ಲುಗಳ ಲೆಕ್ಕ ಗೊತ್ತಿಲ್ಲದೆ ಲೋಡ್ ಹೆಚ್ಚೋ ಕಡಿಮೆಯೋ ಹೇಳಲಾಗದು. ಎನ್‌ಪ್ರಾಕ್ ಎಂಬ ಕಮಾಂಡ್ ಸಿಪಿಯುಗಳ ಸಂಖ್ಯೆ ಕೊಡುತ್ತದೆ. ಉತ್ತರ 4 ಬಂದರೆ 9.80 ಎಂಬುದು ಯಂತ್ರ ನಿಭಾಯಿಸುವುದರ ಎರಡೂವರೆ ಪಟ್ಟು. ಉತ್ತರ 32 ಬಂದರೆ ಅದೇ 9.80 ಲೆಕ್ಕಕ್ಕೇ ಇಲ್ಲ. ಹೈಪರ್‌ಥ್ರೆಡಿಂಗ್ ಇರುವ ಪ್ರೊಸೆಸರ್‌ಗಳಲ್ಲಿ ಒಂದೊಂದು ಕೋರ್ ಎರಡೆರಡಾಗಿ ಎಣಿಕೆಯಾಗುತ್ತದೆ ಎಂಬುದನ್ನು ಮರೆಯಬೇಡಿ. ಆ ಎರಡು ಸೇರಿ ನಿಜವಾದ ಎರಡು ಕೋರ್‌ಗಳ ಕೆಲಸ ಮಾಡುವುದಿಲ್ಲ.

ಮೂರು ಅಂಕಿಗಳು ಕ್ರಮವಾಗಿ 1, 5 ಮತ್ತು 15 ನಿಮಿಷದವು. ಎಡಗಡೆಯದು ಈಗಿನದು, ಬಲಗಡೆಯದು ಹಳೆಯದು. ಎಡದಿಂದ ಬಲಕ್ಕೆ ಓದುವ ಅಭ್ಯಾಸದಿಂದ 9.80, 6.10, 2.35 ಎಂಬುದನ್ನು “ಇಳಿಯುತ್ತಿದೆ” ಎಂದುಕೊಂಡು ಸಮಾಧಾನ ಪಡುವವರಿದ್ದಾರೆ. ಅದು ಏರುತ್ತಿದೆ. ಕಾಲು ಗಂಟೆಯ ಹಿಂದೆ ಸುಮ್ಮನಿದ್ದ ಯಂತ್ರಕ್ಕೆ ಈಗಷ್ಟೇ ಏನೋ ಬಂದು ಬಿದ್ದಿದೆ. 2.35, 6.10, 9.80 ಎಂದಿದ್ದರೆ ಗಲಾಟೆ ಮುಗಿದ ಮೇಲೆ ನೀವು ಬಂದಿದ್ದೀರಿ, ಇನ್ನು ಲಾಗ್ ನೋಡುವುದೇ ದಾರಿ.

ಈ ಮೂರು ಅಂಕಿಗಳಿಗೆ ಐವತ್ತು ವರ್ಷ ಮೀರಿದ ಇತಿಹಾಸವಿದೆ. ಅಮೆರಿಕದ ಬಿಬಿಎನ್ ಸಂಸ್ಥೆಯ ಟೆನೆಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಲೋಡ್ ಆವರೇಜ್ ಕುರಿತು 1973ರಲ್ಲೇ ಆರ್‌ಎಫ್‌ಸಿ ಎಂಬ ಬಗೆಯ ಒಂದು ತಾಂತ್ರಿಕ ಟಿಪ್ಪಣಿ ಪ್ರಕಟವಾಗಿತ್ತು. ಒಂದೇ ಕಂಪ್ಯೂಟರನ್ನು ಹತ್ತಾರು ಜನ ಹಂಚಿಕೊಳ್ಳುತ್ತಿದ್ದ ಕಾಲ ಅದು. ಇನ್ನೂ ಎಷ್ಟು ಜನ ಸಾಲಿನಲ್ಲಿದ್ದಾರೆ ಎಂದು ತಿಳಿದುಕೊಂಡೇ ಕೆಲಸಕ್ಕೆ ಕೂರಬೇಕಿತ್ತು. ಯುನಿಕ್ಸ್‌ಗೆ ಅಪ್‌ಟೈಮ್ ಕಮಾಂಡ್ ಬಂದದ್ದು ಬರ್ಕ್ಲಿಯ ಬಿಎಸ್‌ಡಿ ಮೂಲಕ.

ಸರಾಸರಿ ಎಂಬ ಮಾತನ್ನೂ ಸ್ವಲ್ಪ ಬಿಡಿಸಬೇಕು. ನಾವು ಶಾಲೆಯಲ್ಲಿ ಕಲಿತಂತೆ ಎಲ್ಲವನ್ನೂ ಕೂಡಿ ಭಾಗಿಸಿದ ಸರಾಸರಿ ಇದಾಗಿಲ್ಲ. ಲಿನಕ್ಸ್ ಕರ್ನಲ್ ಸುಮಾರು 5 ಸೆಕೆಂಡಿಗೊಮ್ಮೆ ತಲೆ ಎಣಿಸುತ್ತದೆ. 1 ನಿಮಿಷದ ಅಂಕಿಗೆ ಹಳೆಯ ಮೌಲ್ಯದ ಶೇ 92ರಷ್ಟನ್ನು ಇಟ್ಟುಕೊಂಡು, ಹೊಸ ಎಣಿಕೆಯ ಶೇ 8ರಷ್ಟನ್ನು ಸೇರಿಸುತ್ತದೆ. 15 ನಿಮಿಷದ ಅಂಕಿಗೆ ಹೊಸದರ ಪಾಲು ಶೇ 1ಕ್ಕಿಂತ ಕಡಿಮೆ. ಹಳೆಯದು ಸವೆಯುತ್ತಾ ಹೋಗುತ್ತದೆಯೇ ಹೊರತು ಪೂರ್ತಿ ಅಳಿಯುವುದಿಲ್ಲ. ಏನೂ ಕೆಲಸವಿಲ್ಲದ ಯಂತ್ರದಲ್ಲಿ ಬಿಡುವಿಲ್ಲದೆ ಓಡುವ ಒಂದೇ ಒಂದು ಪ್ರೋಗ್ರಾಂ ಹಚ್ಚಿ ನೋಡಿ. ಒಂದು ನಿಮಿಷ ಕಳೆದ ಮೇಲೆ ಮೊದಲ ಅಂಕಿ 1 ಆಗಿರುವುದಿಲ್ಲ, ಸುಮಾರು 0.63 ಇರುತ್ತದೆ. ಐದು ನಿಮಿಷ ಆದಾಗ ಮೊದಲನೆಯದು 0.99, ಎರಡನೆಯದು 0.63, ಮೂರನೆಯದು ಇನ್ನೂ 0.28ರ ಆಸುಪಾಸು. ಕೆಲಸ ನಿಲ್ಲಿಸಿದ ಮೇಲೂ ಲೋಡ್ ನಿಧಾನವಾಗಿಯೇ ಇಳಿಯುತ್ತದೆ. ಆದ್ದರಿಂದ ಒಂದು ಪ್ರೋಸೆಸ್ ನಿಲ್ಲಿಸಿದ ಕೂಡಲೇ ಅಪ್‌ಟೈಮ್ ನೋಡಿ, ಇಳಿಯಲಿಲ್ಲವಲ್ಲ ಎಂದು ಇನ್ನೊಂದನ್ನೂ ನಿಲ್ಲಿಸಬೇಡಿ.

ಈಗ ಮುಖ್ಯ ಗೊಂದಲ. ಲೋಡ್ 40 ಇದೆ, ಟಾಪ್ ಕಮಾಂಡ್ ನೋಡಿದರೆ ಸಿಪಿಯು ಬಹುಪಾಲು ಖಾಲಿ! ಲಿನಕ್ಸ್‌ನಲ್ಲಿ ಇದು ಸಾಧ್ಯ, ಅದೂ ಬೇಕೆಂದೇ ಮಾಡಿಟ್ಟದ್ದು. ಸಿಪಿಯುಗಾಗಿ ಕಾಯುವವರ ಜೊತೆಗೆ, ಡಿಸ್ಕ್‌ನಂಥ ಕಡೆಯಿಂದ ಉತ್ತರ ಬರುವ ತನಕ ಎಬ್ಬಿಸಲಾಗದ ನಿದ್ದೆಯಲ್ಲಿರುವ ಪ್ರೋಸೆಸ್‌ಗಳನ್ನೂ ಲಿನಕ್ಸ್ ಎಣಿಸುತ್ತದೆ. ಪಿಎಸ್ ಕಮಾಂಡ್‌ನ ಸ್ಥಿತಿಯ ಕಾಲಂನಲ್ಲಿ ಇವುಗಳ ಮುಂದೆ ಡಿ ಎಂಬ ಅಕ್ಷರ ಇರುತ್ತದೆ. ಈ ಬದಲಾವಣೆಯನ್ನು 1993ರಲ್ಲಿ ಮಥಿಯಾಸ್ ಉರ್ಲಿಕ್ಸ್ ಎಂಬವರು ಸೂಚಿಸಿದ್ದರು. ವೇಗದ ಸ್ವಾಪ್ ಡಿಸ್ಕ್ ತೆಗೆದು ನಿಧಾನದ್ದನ್ನು ಹಾಕಿದರೆ ಯಂತ್ರ ಕುಂಟುತ್ತದೆ, ಆದರೂ ಎಲ್ಲರೂ ಡಿಸ್ಕ್‌ಗೆ ಕಾಯುತ್ತ ಕೂರುವುದರಿಂದ ಲೋಡ್ ಇಳಿದಂತೆ ಕಾಣುತ್ತದೆ, ಇದು ಅಸಂಬದ್ಧ ಎಂಬುದು ಅವರ ವಾದ. ಯಾಕೆ ಹೀಗೆ ಎಂಬುದೇ ಮುಂದೆ ಬಹುತೇಕ ಮರೆತುಹೋಗಿತ್ತು. 2017ರಲ್ಲಿ ಬ್ರೆಂಡನ್ ಗ್ರೆಗ್ ಎಂಬ ಎಂಜಿನಿಯರ್ ಹಳೆಯ ಇಮೇಲ್ ಕಡತಗಳನ್ನು ಜಾಲಾಡಿ ಆ ಪ್ಯಾಚ್ ಪತ್ತೆಹಚ್ಚಿದರು. ಮ್ಯಾಕ್‌ನಲ್ಲಾಗಲಿ ಬಿಎಸ್‌ಡಿಗಳಲ್ಲಾಗಲಿ ಲೋಡ್ ಮುಖ್ಯವಾಗಿ ಸಿಪಿಯು ಸಾಲಿನ ಲೆಕ್ಕ. ಎರಡು ಬೇರೆ ಸಿಸ್ಟಂಗಳ ಲೋಡ್ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೂಗುವುದು ಅದಕ್ಕೇ ಸಲ್ಲದು.

ಹಾಗಾಗಿ ಲೋಡ್ ಹೆಚ್ಚು ಕಂಡಾಗ ಎರಡನೆಯ ಪ್ರಶ್ನೆ: ಕಾಯುತ್ತಿರುವುದು ಯಾವುದಕ್ಕೆ? ವಿಎಂಸ್ಟ್ಯಾಟ್ ಎಂದು ಬರೆದು ಮುಂದೆ 1 ಹಾಕಿದರೆ ಸೆಕೆಂಡಿಗೊಂದು ಸಾಲು ಬರುತ್ತದೆ. ಮೊದಲ ಕಾಲಂ ಆರ್ ಎಂಬುದು ಸಿಪಿಯು ಬೇಕೆನ್ನುವವರು, ಎರಡನೆಯದು ಬಿ ಎಂಬುದು ಡಿಸ್ಕ್‌ನಂಥದರಲ್ಲಿ ಸಿಕ್ಕಿಕೊಂಡವರು. ಮೊದಲ ಸಾಲನ್ನು ಬಿಟ್ಟುಬಿಡಿ, ಅದು ಬೂಟ್ ಆದಂದಿನಿಂದ ಇಲ್ಲಿಯವರೆಗಿನ ಸರಾಸರಿಗಳಿರುವ ಸಾಲು. ಆರ್ ಹೆಚ್ಚಿದ್ದರೆ ಟಾಪ್ ತೆರೆದು ಯಾವ ಪ್ರೋಗ್ರಾಂ ಸಿಪಿಯು ತಿನ್ನುತ್ತಿದೆ ನೋಡಿ. ಬಿ ಹೆಚ್ಚಿದ್ದರೆ ಡಿಸ್ಕ್ ಸಾಯುತ್ತಿರಬಹುದು, ಬ್ಯಾಕಪ್ ನಡೆಯುತ್ತಿರಬಹುದು, ಮೆಮೊರಿ ಸಾಲದೆ ಸ್ವಾಪ್ ಆಗುತ್ತಿರಬಹುದು. ನೆಟ್‌ವರ್ಕ್ ಮೂಲಕ ಜೋಡಿಸಿದ ಎನ್‌ಎಫ್‌ಎಸ್ ಸರ್ವರ್ ಬಿದ್ದುಹೋದಾಗಲಂತೂ ಅದನ್ನು ಮುಟ್ಟಿದ ಪ್ರತಿಯೊಂದು ಪ್ರೋಸೆಸ್ಸೂ ಅಲ್ಲೇ ಹೆಪ್ಪುಗಟ್ಟಿ ಲೋಡ್ ಏರುತ್ತಲೇ ಹೋಗುತ್ತದೆ. ಆಗ ಪ್ರೊಸೆಸರ್ ಸೇರಿಸಿ ಏನು ಪ್ರಯೋಜನ?

2018ರ ಕೊನೆಗೆ ಬಂದ ಕರ್ನಲ್ 4.20ರಿಂದ ಇದಕ್ಕೆ ಇನ್ನೂ ನೇರವಾದ ಅಳತೆ ಇದೆ. ಪ್ರಾಕ್ ಒಳಗಿನ ಪ್ರೆಶರ್ ಎಂಬ ಫೋಲ್ಡರ್‌ನಲ್ಲಿ ಸಿಪಿಯು, ಮೆಮೊರಿ, ಐಒ ಎಂಬ ಫೈಲ್‌ಗಳಿವೆ. ಕಳೆದ 10, 60, 300 ಸೆಕೆಂಡುಗಳಲ್ಲಿ ಶೇಕಡ ಎಷ್ಟು ಹೊತ್ತು ಕೆಲಸಗಳು ಇವಕ್ಕಾಗಿ ಕಾದು ನಿಂತವು ಎಂದು ಬೇರೆಬೇರೆಯಾಗಿ ಹೇಳುತ್ತವೆ. ಎಲ್ಲ ವಿತರಣೆಗಳಲ್ಲೂ ಇದು ಚಾಲೂ ಇರುವುದಿಲ್ಲ. ಇದ್ದ ಕಡೆ ನಾನು ಲೋಡ್ ಅಂಕಿಗಿಂತ ಇದನ್ನೇ ಹೆಚ್ಚು ನಂಬುತ್ತೇನೆ.

ಈ ಅಂಕಿಗಳನ್ನು ಓದುವಾಗ ಇನ್ನೊಂದು ಎಚ್ಚರಿಕೆ: ಕಂಟೇನರ್ ಒಳಗೆ ಕೂತು ಅಪ್‌ಟೈಮ್ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಹೊರಗಿನ ಯಂತ್ರದ ಚಾಲೂ ಅವಧಿ ಮತ್ತು ಹೊರೆ. ಈಗಷ್ಟೇ ಶುರುವಾದ ಡಾಕರ್ ಕಂಟೇನರ್ ತನಗೆ ಮೂರು ತಿಂಗಳೆಂದರೆ ಅದಕ್ಕೇ.

ಒಳಗಿರುವವರು ಯಾರು?

‘3 ಯೂಸರ್ಸ್’ ಎಂಬುದು ಲಾಗಿನ್‌ಗಳ ಎಣಿಕೆ. ಒಬ್ಬರೇ ಮೂರು ಟರ್ಮಿನಲ್ ವಿಂಡೋಗಳಿಂದ ಎಸ್‌ಎಸ್‌ಎಚ್ ಮಾಡಿದರೂ ಮೂರು. ನಿಮ್ಮ ವೆಬ್‌ಸೈಟ್ ನೋಡುತ್ತಿರುವ ಸಾವಿರಾರು ಜನ ಇದರಲ್ಲಿಲ್ಲ. ಅವರು ವೆಬ್ ಸರ್ವರ್‌ನ ಅತಿಥಿಗಳು, ಯಂತ್ರಕ್ಕೆ ಲಾಗಿನ್ ಆದವರಲ್ಲ. ಯಾರು ಎಂದು ತಿಳಿಯಲು ಡಬ್ಲ್ಯೂ ಎಂಬ ಒಂದೇ ಅಕ್ಷರದ ಕಮಾಂಡ್ ಸಾಕು. ಮೊದಲು ಅಪ್‌ಟೈಮ್‌ನ ಅದೇ ಸಾಲು, ಅದರ ಕೆಳಗೆ ಒಬ್ಬೊಬ್ಬರಿಗೂ ಒಂದು ಸಾಲು: ಹೆಸರು, ಟರ್ಮಿನಲ್, ಯಾವ ವಿಳಾಸದಿಂದ ಬಂದಿದ್ದಾರೆ, ಯಾವಾಗ, ಎಷ್ಟು ಹೊತ್ತಿನಿಂದ ಕೀಬೋರ್ಡ್ ಮುಟ್ಟಿಲ್ಲ, ಈಗ ಏನು ಓಡಿಸುತ್ತಿದ್ದಾರೆ. ನಡುವೆ ಸಿಪಿಯು ಸಮಯದ ಎರಡು ಕಾಲಂಗಳಿವೆ. ಜೆಸಿಪಿಯು ಆ ಟರ್ಮಿನಲ್‌ನ ಎಲ್ಲ ಕೆಲಸಗಳದ್ದು, ಪಿಸಿಪಿಯು ಕೊನೆಯ ಕಾಲಂನಲ್ಲಿ ಕಾಣುವ ಒಂದೇ ಕೆಲಸದ್ದು. ಹೂ ಎಂಬುದು ಇದಕ್ಕಿಂತ ಹಳೆಯದು, 1971ರ ಮೊದಲ ಯುನಿಕ್ಸ್‌ನಿಂದಲೂ ಇದೆ; ಹೆಸರು, ಟರ್ಮಿನಲ್, ಬಂದ ಸಮಯ, ದೂರದಿಂದ ಬಂದಿದ್ದರೆ ವಿಳಾಸ ಇಷ್ಟನ್ನು ಹೇಳುತ್ತದೆ.

ಸರ್ವರ್ ರೀಬೂಟ್ ಮಾಡುವ ಮೊದಲು ಡಬ್ಲ್ಯೂ ನೋಡುವುದು ಕನಿಷ್ಠ ಸೌಜನ್ಯ. ಯಾರೋ ಡೇಟಾಬೇಸ್ ಡಂಪ್ ಹಚ್ಚಿ ಊಟಕ್ಕೆ ಹೋಗಿರಬಹುದು. ವಾಲ್ ಕಮಾಂಡ್‌ನಿಂದ ಎಲ್ಲರ ಟರ್ಮಿನಲ್‌ಗೂ ಒಂದು ಸಂದೇಶ ಕಳಿಸಿ, ಅಥವಾ ಶಟ್‌ಡೌನ್ ಕಮಾಂಡ್‌ಗೆ ಅಡ್ಡಗೆರೆ ಆರ್, ನಂತರ ಪ್ಲಸ್ 10 ಎಂದು ಕೊಟ್ಟು ಹತ್ತು ನಿಮಿಷದ ಗಡುವು ಹಾಕಿ. ಸಂದೇಶ ತಾನಾಗಿಯೇ ಹೋಗುತ್ತದೆ.

ಗುರುತಿಲ್ಲದ ವಿಳಾಸದಿಂದ ಗುರುತಿನ ಹೆಸರು ಒಳಗಿದ್ದರೆ ಮಾತ್ರ ಸೌಜನ್ಯ ಸಾಲದು. ಪಾಸ್‌ವರ್ಡ್ ಸೋರಿರಬಹುದು. ಹಳೆಯ ಲಾಗಿನ್‌ಗಳಿಗೆ ಲಾಸ್ಟ್, ವಿಫಲವಾದ ಪ್ರಯತ್ನಗಳಿಗೆ ಲಾಸ್ಟ್‌ಬಿ, ಎರಡನೆಯದಕ್ಕೆ ರೂಟ್ ಅಧಿಕಾರ ಬೇಕು. ಇಂಟರ್ನೆಟ್‌ಗೆ ತೆರೆದಿಟ್ಟ, ಪಾಸ್‌ವರ್ಡ್ ಲಾಗಿನ್ ಇರುವ ಯಂತ್ರದಲ್ಲಿ ಮೊದಲ ಸಲ ಲಾಸ್ಟ್‌ಬಿ ಕೊಟ್ಟವರಿಗೆ ರೂಟ್, ಅಡ್ಮಿನ್, ಟೆಸ್ಟ್ ಎಂಬ ಹೆಸರುಗಳಲ್ಲಿ ಬಾಗಿಲು ತಟ್ಟಿದವರ ಉದ್ದನೆಯ ಪಟ್ಟಿ ಕಾಣುತ್ತದೆ. ಯಂತ್ರಗಳು ಯಂತ್ರಗಳನ್ನು ತಟ್ಟುವ ದೈನಂದಿನ ವ್ಯವಹಾರ ಅದು. ಪಾಸ್‌ವರ್ಡ್ ಬದಲು ಕೀ ಮೂಲಕ ಲಾಗಿನ್ ಇಟ್ಟುಕೊಂಡರೆ ನಿದ್ದೆಗೆಡಬೇಕಿಲ್ಲ.

ಈ ಪಟ್ಟಿಗಳಿಗೂ ಮಿತಿಯಿದೆ. ಲಾಗಿನ್‌ಗಳ ದಾಖಲೆ ಸಾಂಪ್ರದಾಯಿಕವಾಗಿ ಯುಟಿಎಂಪಿ ಎಂಬ ಫೈಲ್‌ನಲ್ಲಿರುತ್ತದೆ, ಇತಿಹಾಸ ಡಬ್ಲ್ಯೂಟಿಎಂಪಿಯಲ್ಲಿ. ಟರ್ಮಿನಲ್ ಪಡೆದ ಲಾಗಿನ್ ಮಾತ್ರ ಅಲ್ಲಿ ದಾಖಲಾಗುತ್ತದೆ. ಎಸ್‌ಎಫ್‌ಟಿಪಿಯಲ್ಲಿ ಫೈಲ್ ಸಾಗಿಸುತ್ತಿರುವವರು, ಎಸ್‌ಎಸ್‌ಎಚ್ ಮೂಲಕ ಒಂದೇ ಕಮಾಂಡ್ ಓಡಿಸಿ ಹೋಗುವವರು ಅದರಲ್ಲಿ ಕಾಣುವುದಿಲ್ಲ. ಅವರನ್ನು ಕಾಣಲು ಲಾಗಿನ್‌ಸಿಟಿಎಲ್ ಕಮಾಂಡ್ ನೋಡಿ. ರೂಟ್ ಅಧಿಕಾರ ಕದ್ದವರು ಈ ಫೈಲ್‌ಗಳನ್ನು ತಿದ್ದಿಯೂ ಹಾಕಬಲ್ಲರು. ಆದ್ದರಿಂದ ಡಬ್ಲ್ಯೂ ಖಾಲಿ ತೋರಿಸಿತೆಂದು ಮನೆಯಲ್ಲಿ ಕಳ್ಳನಿಲ್ಲ ಎಂದು ಪ್ರಮಾಣ ಮಾಡಲಾಗದು. ಮಹತ್ವದ ಸರ್ವರ್‌ಗಳ ಲಾಗ್ ಬೇರೆ ಯಂತ್ರಕ್ಕೂ ಹೋಗುವಂತಿರಬೇಕು.

ಹೊಸ ವಿತರಣೆಗಳಿಗೆ ಹೋಗುವವರಿಗೆ ಕೊನೆಯದಾಗಿ ಒಂದು ಸೂಚನೆ. ಯುಟಿಎಂಪಿ ಮತ್ತು ಡಬ್ಲ್ಯೂಟಿಎಂಪಿ ಫೈಲ್‌ಗಳಲ್ಲಿ ಸಮಯಕ್ಕೆ 32 ಬಿಟ್ ಜಾಗವಷ್ಟೇ ಇದೆ, ಇಂದಿನ 64 ಬಿಟ್ ಪಿಸಿಗಳಲ್ಲೂ ಅಷ್ಟೆ. ಆ ಜಾಗ 2038ರ ಜನವರಿ 19ರಂದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬುತ್ತದೆ. ಅದಕ್ಕಾಗಿ ಲಿನಕ್ಸ್ ವಿತರಣೆಗಳು ಒಂದೊಂದಾಗಿ ಹಳೆಯ ಫೈಲ್‌ಗಳನ್ನು ಕೈಬಿಡುತ್ತಿವೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಲಾಸ್ಟ್ ಕಮಾಂಡ್ ಮೊದಲಿನ ಪ್ಯಾಕೇಜ್‌ನಲ್ಲಿ ಇಲ್ಲ. ‘ಕಮಾಂಡ್ ನಾಟ್ ಫೌಂಡ್’ ಎಂದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ, ಡಬ್ಲ್ಯೂಟಿಎಂಪಿಡಿಬಿ ಎಂಬ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿಕೊಳ್ಳಿ.